ರಾಯಭಾರಿಗೆ ಹೊದಿಸಿದ ಶಾಲು

ಹೋದ ವಾರ ನಮ್ಮ ಸೊಸೈಟಿಯಲ್ಲಿ ಹಳೆಯ ಸೆಕ್ರೆಟರಿಗೆ ಸಣ್ಣ ಸನ್ಮಾನ ಇಟ್ಟುಕೊಂಡಿದ್ದರು. ಹೊಸ ಶಾಲನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಝಾಡಿಸಿದಾಗ ಗಂಜಿ, ನುಸಿಗುಳಿಗೆ, ಅಂಗಡಿಯ ಧೂಳು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ಪಕ್ಕದಲ್ಲಿದ್ದ ನಮ್ಮವರು ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈಯನ್ನೂ ಮಡಿಲಿಗೆ ಇಳಿಸಿಕೊಂಡರು. ನಾವಿಬ್ಬರೂ ಏನು ನೆನೆಸಿಕೊಂಡೆವು ಅನ್ನುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅಗತ್ಯ ಇರಲಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಮಾತು ಅದು. ನಾನು ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದವಳು. ನಮ್ಮವರು ಬ್ಯಾಂಕಿನಿಂದ ನಿವೃತ್ತರಾಗಿ ನಮ್ಮ ಕಡೆಯ ಕನ್ನಡ ಸಂಘಕ್ಕೆ ಕಾರ್ಯದರ್ಶಿ ಆಗಿದ್ದರು. ನಾನು ವಿಮಾನ ನಗರದ ಐಟಿ ಮಂದಿಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಅವರ ತಾಯಂದಿರು ಬೆಂಗಳೂರು, ಮೈಸೂರು ಕಡೆಯವರು. "ಮ್ಯಾಮ್, ಪ್ಲೀಸ್, ನಿಮ್ ಧಾರ್ವಾಡ್ ಸ್ಟೈಲ್ ಮಾತ್ರ ಕಲಿಸ್ಬೇಡಿ" ಅಂತ ಮೊದಲ ದಿನವೇ ಷರತ್ತು ಹಾಕುತ್ತಿದ್ದರು. ಮಕ್ಕಳು ಕಲಿಯುವುದೇ ಅಷ್ಟಕ್ಕಷ್ಟೆ. ಹೀಗಿರುವಾಗ ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಫೋನು ಬಂತು. ಇಂಗ್ಲೆಂಡಿನ ನಿವೃತ್ತ ರಾಯಭಾರಿಯೊಬ್ಬರು ಹುಡುಗರಿಗೆ ಸಂಧಾನದ ಪಾಠ ಮಾಡುವುದಕ್ಕೆ ಬಂದಿದ್ದಾರೆ, ಅವರಿಗೆ ಕನ್ನಡ ಕಲಿಯಬೇಕಂತೆ, ಬರುತ್ತೀರಾ ಎಂದರು. ಮರಾಠಿ ಇರಬೇಕು, ಸರಿಯಾಗಿ ಕೇಳಿ ಅಂದೆ. ಮೂರು ಸಲ ಕೇಳಿದ್ದೇವೆ, ಕನ್ನಡವೇ ಅಂತೆ, ಅಂದರು.

ಥಾರ್ಲಿ ಅಂತ ಅವರ ಹೆಸರು. ಎತ್ತರದ ಆಳು, ಎಪ್ಪತ್ತು ದಾಟಿತ್ತು, ಬೆನ್ನು ಇನ್ನೂ ನೆಟ್ಟಗಿತ್ತು. ಹೆಸರಿನ ಮುಂದೆ ‘ಸರ್’ ಬೇರೆ. ನಮ್ಮಲ್ಲಿ ಬಸ್ ಕಂಡಕ್ಟರಿಗೂ ಸರ್ ಅಂತೇವೆ, ಇವರಿಗೆ ಅದನ್ನು ರಾಣಿಯೇ ಕೊಟ್ಟದ್ದು. ನಾನು ಕೋಣೆಯೊಳಗೆ ಹೋದರೆ ಎದ್ದು ನಿಲ್ಲುತ್ತಿದ್ದರು, ನೀರು ತಂದುಕೊಡುವ ಹೆಂಗಸು ಬಂದರೂ ಎದ್ದು ನಿಲ್ಲುತ್ತಿದ್ದರು. ಮಾತೋ, ಬೆಣ್ಣೆಯೊಳಗಿಂದ ಕೂದಲು ತೆಗೆದ ಹಾಗೆ. ಒಂದು ದಿನವೂ ಅವರ ಬಾಯಿಂದ ಒರಟು ಶಬ್ದ ಬರಲಿಲ್ಲ, ನೇರವಾದ ಶಬ್ದವೂ ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಗಾದೆ ಹೇಳಿಕೊಟ್ಟಾಗ ಭಾಳ ಹೊತ್ತು ನಕ್ಕರು. ನಮ್ಮ ಕಚೇರಿಯ ಬಾಗಿಲ ಮೇಲೆ ಇದನ್ನೇ ಬರೆಯಬೇಕಿತ್ತು ಅಂದರು.

ಅದು ಮೇ ತಿಂಗಳು. ಮಧ್ಯಾಹ್ನ ಸುಡುಬಿಸಿಲು, ಸಂಜೆಗೆ ಗಾಳಿ ಎದ್ದು ಅಡ್ಡಮಳೆ. ದೊಡ್ಡವರಿಗೆ ‘ಕಮಲ, ಬಸವ, ಅರಸ’ ಅಂತ ಕಲಿಸಿದರೆ ಬೇಸರ ಬರುತ್ತದೆ. ಅದಕ್ಕೆ ನಾನು ಅವರಿಗೆ ನಿಮ್ಮ ಜೀವನವನ್ನೇ ಸಣ್ಣಸಣ್ಣ ಮಾತಿನಲ್ಲಿ ಹೇಳಿ ಅಂದೆ. ಹೀಗಾಗಿ ಅವರ ದೊಡ್ಡ ಬದುಕು ನನಗೆ ಒಂದನೇ ಇಯತ್ತೆಯ ವಾಕ್ಯಗಳಲ್ಲಿ ಗೊತ್ತಾಯಿತು.

"ನಾನು ಸಣ್ಣ ಊರಿನಲ್ಲಿ ಹುಟ್ಟಿದೆ. ನನ್ನ ತಂದೆ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡಿದರು. ನನ್ನ ತಾಯಿ ಶಾಲೆಯ ನೆಲ ಒರೆಸಿದರು. ನಾನು ಅದೇ ಶಾಲೆಯಲ್ಲಿ ಓದಿದೆ. ಪರೀಕ್ಷೆ ಬರೆದೆ. ದೊಡ್ಡ ಕೆಲಸ ಸಿಕ್ಕಿತು. ನನ್ನ ಮಾತು ಹಳ್ಳಿಯ ಮಾತು, ಎಲ್ಲರೂ ನಕ್ಕರು. ನಾನು ಬೇರೆ ಮಾತು ಕಲಿತೆ." ಅಂದರೆ ತಮ್ಮದೇ ಇಂಗ್ಲಿಷನ್ನು ಬಿಟ್ಟು ದೊಡ್ಡ ಮನೆತನದವರ ಇಂಗ್ಲಿಷನ್ನು ಕಲಿತರು ಅಂತ ಅರ್ಥ. ಆಮೇಲೆ ಅರಬ್ಬಿ ಕಲಿತರು. ಮರುಭೂಮಿಯ ಊರುಗಳಲ್ಲಿ ಚಿಕ್ಕ ಅಧಿಕಾರಿಯಾಗಿ ಶುರುಮಾಡಿ ಆಫ್ರಿಕಾಕ್ಕೆ ಹೋದರು. ಅಲ್ಲಿ ಎರಡು ಪಂಗಡದವರನ್ನು ಒಂದೇ ಮೇಜಿಗೆ ಕೂಡಿಸಲು ಒಂದು ಚಳಿಗಾಲವೆಲ್ಲ ಹಿಡಿಯಿತಂತೆ. "ಅವರು ಊಟಕ್ಕೆ ಬಂದರು. ಆಮೇಲೆ ಮಾತಾಡಿದರು. ಆಮೇಲೆ ಗುಂಡು ಹಾರಿಸಲಿಲ್ಲ." ಇದನ್ನು ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ. ಹೆಂಡತಿ ನಡುವೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. "ರಾಣಿ ನನ್ನ ಹೆಗಲ ಮೇಲೆ ಕತ್ತಿ ಇಟ್ಟರು" ಅಂದಾಗ ನಾನು ಗಾಬರಿಯಾಗಿ, "ಕತ್ತಿ ಯಾಕ್ರಿ?" ಅಂದೆ. ಸರ್ ಪದವಿ ಕೊಡುವ ಪದ್ಧತಿಯೇ ಹಾಗೆ ಅಂತ ತಿಳಿಸಿ ಹೇಳಿದರು.

ಎಲ್ಲ ದೇಶಗಳ ಕಥೆಯೂ ಬಂತು. ಕೊಲ್ಲಿಯ ಒಂದು ದೇಶದ ಸರದಿ ಬಂದಾಗ ಮಾತ್ರ, "ಅಲ್ಲಿ ನನ್ನ ಮನೆ ಸಮುದ್ರದ ಹತ್ತಿರ ಇತ್ತು" ಅಂತ ಅಂದು ಸುಮ್ಮನಾದರು. ಮರುದಿನವೂ ಅಲ್ಲಿಗೇ ಬಂದು ನಿಂತರು. ಒಮ್ಮೆ, "‘ನಾನು ನೋಡಿದೆ, ಸುಮ್ಮನಿದ್ದೆ’ ಅನ್ನುವುದು ಸರಿಯಾದ ಕನ್ನಡವೇ?" ಅಂತ ಕೇಳಿದರು. ಸರಿಯಾಗಿದೆ ಅಂದೆ. ಅದನ್ನು ತುಟಿಯಲ್ಲೇ ಹಲವು ಸಲ ಹೇಳಿಕೊಂಡರು. ನಾನು ಮೇಷ್ಟ್ರಗಿತ್ತಿ, ಉಚ್ಚಾರ ತಿದ್ದುವುದರಲ್ಲೇ ಮುಳುಗಿದ್ದೆ.

ಜೂನ್ ಬಂತು, ಮಳೆ ಹಿಡಿಯಿತು. ಆಗ ಅವರು ಕೇಳಿದರು: ಇದೇ ಪುಣೆಯ ಯೆರವಡಾದಲ್ಲಿ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಡಬಹುದೇ? ಆಕೆಯ ಗಂಡ ಭೀಮರಾಯ, ಯಾದಗಿರಿ ಕಡೆಯವನು, ಕೊಲ್ಲಿಯಲ್ಲಿ ತಮ್ಮ ಸರಕಾರಿ ಮನೆಯ ಅಂಗಳಕ್ಕೆ ಕಲ್ಲು ಹಾಸುವ ಕೆಲಸಕ್ಕೆ ಬಂದಿದ್ದ, ಅಲ್ಲೇ ತೀರಿಕೊಂಡ. ಹೆಂಡತಿಯನ್ನು ಒಮ್ಮೆ ಕಂಡು ಮಾತಾಡಬೇಕು. ಅದಕ್ಕೇ ಕನ್ನಡ ಕಲಿಯುತ್ತಿದ್ದೇನೆ. ಇಷ್ಟನ್ನೇ ಹೇಳಿದರು.

ನನಗೆ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು ಅಂತ ನಮ್ಮವರ ಮುಂದೆ ಹೊಗಳಿದ್ದೇ ಹೊಗಳಿದ್ದು. ಅವರೂ ಉತ್ಸಾಹದಿಂದ ಯೆರವಡಾದ ನಮ್ಮ ಕಡೆಯ ಮೇಸ್ತ್ರಿಗಳನ್ನು ಕೇಳಿದರು. ವಾರದೊಳಗೆ ಪತ್ತೆಯಾಯಿತು. ಸಾಬಮ್ಮ ಅಂತ ಹೆಸರು, ಅತ್ತೆಯ ಜೊತೆ ಅಲ್ಲೇ ಒಂದು ಗಲ್ಲಿಯಲ್ಲಿದ್ದಾಳೆ, ಐಟಿ ಕಂಪನಿಯೊಂದರ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ. ಈ ಸುದ್ದಿ ನಮ್ಮವರ ಬಾಯಿಂದ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಬೀಳದೆ ಇರುತ್ತದೆಯೇ, ಇಬ್ಬರೂ ದಿನಾ ಒಟ್ಟಿಗೆ ವಾಕಿಂಗ್ ಹೋಗುವವರು.

ಅಧ್ಯಕ್ಷರು ವಿಜಯಪುರ ಕಡೆಯವರು, ಟೈಲ್ಸ್ ಅಂಗಡಿ ಇಟ್ಟವರು, ಕೈ ದೊಡ್ಡದು, ದನಿಯೂ ದೊಡ್ಡದು. ಅವತ್ತೇ ಮನೆಗೆ ಬಂದರು. "ವೈನಿ, ಬ್ರಿಟಿಷ್ ರಾಯಭಾರಿ ಕನ್ನಡ ಮಾತಾಡ್ತಾರ ಅಂದ್ರ ಸಣ್ಣ ಮಾತೇನ್ರಿ? ಒಂದು ಸನ್ಮಾನ ಇಟ್ಟಬಿಡೋಣು. ಆ ಹೆಣ್ಮಗಳನ್ನೂ ಕರಸೋಣು. ಸಾಹೇಬ್ರ ಕೈಲೆ ಅಕಿಗೊಂದು ಸೀರಿ ಕೊಡಸೋಣು. ಕೂಲಿ ಮಾಡಿದವನ ಹೆಂಡ್ತಿನ್ನ ನೆನಪಿಟ್ಟು ಬಂದಾರ, ಇಂಥವ್ರು ಎಲ್ಲಿ ಸಿಗ್ತಾರ?"

ನಮ್ಮ ಮಂದಿಗೆ ಸನ್ಮಾನ ಅಂದರೆ ಒಂದು ಹುಚ್ಚು. ಊರು ಬಿಟ್ಟು ಬಂದವರಿಗೆ ಇನ್ನೂ ಹೆಚ್ಚು. ಯಾರೋ ಒಬ್ಬರು ಎಲ್ಲಿಯೋ ಒಂದು ಒಳ್ಳೆಯ ಕೆಲಸ ಮಾಡಿದರು ಅಂದರೆ ಸಾಕು, ಶಾಲು, ಪೇಟ, ಹಣ್ಣಿನ ಬುಟ್ಟಿ ಸಿದ್ಧ. ಏನು ಮಾಡಿದ್ದಾರೆ ಅಂತ ಪೂರ್ತಿ ಕೇಳುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ನಮಗೂ ಇರಲಿಲ್ಲ.

ಥಾರ್ಲಿಯವರಿಗೆ ಹೇಳಿದಾಗ ಅವರ ಮುಖದ ಬಣ್ಣ ಇಳಿಯಿತು. "ಮೊದಲು ಅವರ ಮನೆಗೆ ಹೋಗಬಹುದೇ?" ಅಂದರು. ಗಲ್ಲಿಯಲ್ಲಿ ಮಳೆನೀರು ನಿಂತಿದೆ ಸರ್, ಆಕೆಯೇ ಸಭೆಗೆ ಬರುತ್ತಾಳೆ, ಅಂದರು ನಮ್ಮವರು. ಥಾರ್ಲಿಯವರು ಮತ್ತೆ ಎರಡು ಸಲ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಆದರೆ ಕರೆದವರಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ಅವರ ಕಸುಬಿನಲ್ಲಿಯೇ ಇರಲಿಲ್ಲ. ಕೊನೆಗೆ ತಲೆಯಾಡಿಸಿದರು. ವಿನಯ ಅಂತ ನಾವು ತಿಳಿದೆವು.

ಭಾನುವಾರ ಬೆಳಗಿನಿಂದ ಜಡಿಮಳೆ. ಆದರೂ ಸಭಾಗೃಹ ತುಂಬಿತ್ತು. ವೇದಿಕೆಯ ಹಿಂದೆ ಥಾರ್ಲಿಯವರ ಫೋಟೋ ಇದ್ದ ದೊಡ್ಡ ಬ್ಯಾನರು, ಅದರ ಕೆಳಗೆ ‘ಕನ್ನಡದ ಆಂಗ್ಲ ಬಂಧು’ ಅಂತ ಬರೆಸಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿದ್ದೆ, ನನ್ನ ಶಿಷ್ಯ ಅಂತ ಅಕ್ಕಪಕ್ಕದವರಿಗೆ ಹೇಳುತ್ತಿದ್ದೆ. ಸಾಲಿನ ತುದಿಯಲ್ಲಿ ಸಾಬಮ್ಮ ಕೂತಿದ್ದಳು. ಮಧ್ಯವಯಸ್ಸು, ಒಣಗಿದ ಮೈ, ಒದ್ದೆ ಸೆರಗು.

ತಲೆಗೆ ಮೈಸೂರು ಪೇಟ ಇಟ್ಟರು, ಕೊರಳಿಗೆ ಗಂಧದ ಹಾರ ಹಾಕಿದರು, ಶಾಲು ಝಾಡಿಸಿ ಹೊದಿಸಿದರು. ಆ ವಾಸನೆ ನನ್ನವರೆಗೂ ಬಂತು. ಥಾರ್ಲಿಯವರು ಮೈಕಿನ ಮುಂದೆ ನಿಂತು ಭಾಳ ಹೊತ್ತು ಬಾಯಿ ತೆರೆಯಲಿಲ್ಲ. ನಾನು ಪಾಠ ಮರೆತರೇನೋ ಅಂತ ಹೆದರಿ, ತುಟಿಯಲ್ಲೇ ಸನ್ನೆ ಮಾಡಿದೆ. ಆಮೇಲೆ ಅವರು ಸಾವಕಾಶ ಶುರುಮಾಡಿದರು. "ಎಲ್ಲರಿಗೂ ನಮಸ್ಕಾರ. ಕನ್ನಡ ಬಹಳ ಸುಂದರ ಭಾಷೆ. ನೀವು ಬಹಳ ಒಳ್ಳೆಯ ಜನ. ನನಗೆ ತುಂಬ ಸಂತೋಷ." ಸಭಾಗೃಹ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಸಾಬಮ್ಮನನ್ನು ಮೇಲೆ ಕರೆದರು. ಥಾರ್ಲಿಯವರ ಕೈಗೆ ಸೀರೆ ಕೊಟ್ಟರು, ಅವರು ಅದನ್ನು ಆಕೆಗೆ ಕೊಟ್ಟರು. ಆಕೆ ಸೀರೆಯನ್ನು ಕಣ್ಣಿಗೊತ್ತಿಕೊಂಡು, ಗಂಡನಿಗೆ ಅನ್ನ ಕೊಟ್ಟ ಧಣಿ ಅಂತ ಬಗ್ಗಿ ಅವರ ಕಾಲು ಮುಟ್ಟಿದಳು. ಫೋಟೋದವರು ಇನ್ನೊಮ್ಮೆ ಅಂದರು. ಇನ್ನೊಮ್ಮೆ ಮುಟ್ಟಿದಳು. ಥಾರ್ಲಿಯವರು ಕದಲದೆ ನಿಂತಿದ್ದರು. ಎಷ್ಟು ಸರಳ ಮನುಷ್ಯ ಅಂತ ನನ್ನ ಹಿಂದೆ ಯಾರೋ ಅಂದರು.

ಅವತ್ತು ಸಂಜೆ ಅವರು ಕರೆಯದೆ ನಮ್ಮ ಮನೆಗೆ ಬಂದರು. ಶಾಲು ಇನ್ನೂ ಹೆಗಲ ಮೇಲೇ ಇತ್ತು, ತೆಗೆಯಲು ಮರೆತಿದ್ದರು ಅಂತ ಕಾಣುತ್ತದೆ. ಕೂತುಕೊಂಡು, ನಿಮಗೆ ಇದನ್ನು ಹೇಳದೆ ನಿಮ್ಮಿಂದ ಇನ್ನೊಂದು ಅಕ್ಷರ ಕಲಿಯಲಾರೆ ಅಂತ ಇಂಗ್ಲಿಷಿನಲ್ಲಿ ಹೇಳಿದರು.

ಆ ಕೊಲ್ಲಿ ದೇಶದಲ್ಲಿ ಅವರು ರಾಯಭಾರಿಯಾಗಿದ್ದಾಗ, ರಾಣಿಯ ಹುಟ್ಟುಹಬ್ಬದ ಔತಣಕ್ಕೆ ಅಲ್ಲಿಯ ದೊರೆಯೇ ಮೊದಲ ಸಲ ಬರುವವರಿದ್ದರು. ಅಂಗಳಕ್ಕೆ ಕಲ್ಲು ಹಾಸುವ ಕೆಲಸ ತಡವಾಗಿತ್ತು. ಹೇಗಾದರೂ ಆ ದಿನಕ್ಕೆ ಮುಗಿಯಬೇಕು ಅಂತ ಇವರೇ ಗುತ್ತಿಗೆದಾರನಿಗೆ ಒತ್ತಾಯ ಮಾಡಿದರು. ಅವನು ಸುಡುಸುಡು ಮಧ್ಯಾಹ್ನವೂ ಕೆಲಸ ಹಚ್ಚಿದ. ತಂಪು ಕೋಣೆಯ ಕಿಟಕಿಯಿಂದ ಇವರಿಗೆ ಅದು ಕಾಣುತ್ತಿತ್ತು. ಕೂಲಿಗಳಲ್ಲಿ ಭೀಮರಾಯನ ಪರಿಚಯ ಇತ್ತು, ಬೆಳಗ್ಗೆ ಅಂಗಳದಲ್ಲಿ ಸಿಕ್ಕಾಗ ಊರು, ಮನೆ, ಭಾಷೆ ಕೇಳುತ್ತಿದ್ದರು. ಹೆಂಡತಿ ಯೆರವಡಾದಲ್ಲಿರುವುದು ಗೊತ್ತಾದದ್ದು ಹಾಗೆ. ಅರ್ಧ ಕೆಲಸ ಮುಗಿದ ದಿನ ಖುಷಿಗೆ ಎಲ್ಲರಿಗೂ ಬಿಯರ್ ಕೊಡಿಸಿದರು. ಭೀಮರಾಯ ಕೊರಳಿನ ತುಳಸಿಮಾಲೆ ಹಿಡಿದು ತೋರಿಸಿ, ಕೈ ಮುಗಿದು, ನಿಂಬೆ ನೀರು ಕುಡಿದ. ಔತಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಇವರ ಕಣ್ಣೆದುರಿಗೇ, ಕಲ್ಲಿನ ಮೇಲೆ ಕೂತವನು ಹಾಗೇ ಬಿದ್ದ. ಇವರು ಓಡಿ ಹೊರಗೆ ಬರುವಷ್ಟರಲ್ಲಿ ಜೀವ ಹೋಗಿತ್ತು.

ಗುತ್ತಿಗೆದಾರ ದೊರೆಯ ಸಂಬಂಧಿ. ಕುಡಿದು ಬಿದ್ದು ಸತ್ತ ಅಂತ ಅವನು ಸುದ್ದಿ ಮಾಡಿದ. ಅಲ್ಲಿಯ ಅಧಿಕಾರಿಯೊಬ್ಬ ಇವರಿಗೆ ಫೋನು ಮಾಡಿ, ನಿಮ್ಮ ಕಡೆಯಿಂದ ಹೇಳುವುದೇನಾದರೂ ಇದೆಯೇ ಅಂತ ಕೇಳಿದ. ಅದೇ ವಾರ ಎರಡು ದೇಶಗಳ ನಡುವೆ ದೊಡ್ಡ ಒಪ್ಪಂದವೊಂದು ಆಗುವುದಿತ್ತು, ಅದಕ್ಕಾಗಿ ಇವರು ವರ್ಷಗಟ್ಟಲೆ ದುಡಿದಿದ್ದರು. "ಹೇಳುವುದೇನೂ ಇಲ್ಲ" ಅಂದರು. ಔತಣ ಆಯಿತು, ದೊರೆ ಬಂದರು, ಒಪ್ಪಂದ ಆಯಿತು. ಸರ್ ಪದವಿ ಬಂದದ್ದು ಅದಾದ ಮೇಲೆ.

ಇವತ್ತು ಮೈಕಿನ ಮುಂದೆ ಅದನ್ನೇ ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡು ಬಂದಿದ್ದೆ ಅಂದರು. ಆದರೆ ಸಭೆ ನೋಡಿದ ಕೂಡಲೇ, ಎಲ್ಲರೂ ನಗುತ್ತಿರುವುದನ್ನು ಕಂಡ ಕೂಡಲೇ, ಬಾಯಿ ತನ್ನಷ್ಟಕ್ಕೆ ತಾನೇ ಸಂತೋಷದ ಮಾತು ಆಡಿತು. ಇಷ್ಟು ವರ್ಷ ಅದನ್ನೇ ಮಾಡಿದ ಬಾಯಿ.

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರ ಬಗ್ಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಮ್ಮ ಬಗ್ಗೆ ನಾಚಿಕೆಯಾಯಿತು. ಸತ್ತವನ ಹೆಂಡತಿಯನ್ನು ಕರೆತಂದು, ಮಳೆಯಲ್ಲಿ ನೆನೆಸಿ, ಯಾರ ಕಾಲು ಹಿಡಿಸಿದೆವು ನಾವು? ನಮ್ಮವರು ಮೆತ್ತನೆಯ ಮನುಷ್ಯ, ನಲವತ್ತು ವರ್ಷದಲ್ಲಿ ಅವರು ಯಾರ ಮೇಲೂ ದನಿ ಏರಿಸಿದ್ದು ನಾನು ಕೇಳಿಲ್ಲ. ಅವತ್ತೂ ಏರಿಸಲಿಲ್ಲ. "ಎರಡನೇ ಸಲ ಆಕೆ ಬಗ್ಗುವಾಗಲಾದರೂ ನೀವು ತಡೆಯಬಹುದಿತ್ತು" ಅಂತ ಇಂಗ್ಲಿಷಿನಲ್ಲಿ ಅಂದು ಎದ್ದು ಒಳಗೆ ಹೋದರು. ಅವರು ಅತ್ತದ್ದು ಹೊರಗೆ ಕೇಳಿಸಿತು. ಥಾರ್ಲಿಯವರಿಗೂ ಕೇಳಿಸಿತು.

ಮರುದಿನ ಮೂವರೂ ಯೆರವಡಾಕ್ಕೆ ಹೋದೆವು. ಗಲ್ಲಿಯಲ್ಲಿ ನೀರು ನಿಂತದ್ದು ನಿಜ, ಪಾದ ಮುಳುಗುವಷ್ಟು. ಸಾಬಮ್ಮ ಆಗಷ್ಟೇ ಕೆಲಸದಿಂದ ಬಂದಿದ್ದಳು, ಅತ್ತೆ ಹೊರಗೆ ಹೋಗಿದ್ದಳು. ತಗಡಿನ ಪತರೆಯ ಮನೆ, ಒಂದೇ ಕೋಣೆ. ಗೋಡೆಯಲ್ಲಿ ವಿಠ್ಠಲ ರುಕ್ಮಿಣಿಯ ಪಟ. ಗಂಡನ ಫೋಟೋ ಎಲ್ಲೂ ಇರಲಿಲ್ಲ. ನನ್ನ ಕಣ್ಣು ಹುಡುಕಿದ್ದನ್ನು ಆಕೆ ನೋಡಿದಳು.

"ಟ್ರಂಕಿನ್ಯಾಗ ಅದರಿ ಅಕ್ಕೋರ" ಅಂದಳು. "ನಮ್ಮತ್ತಿ ಹಚ್ಚಾಕ ಕೊಡಂಗಿಲ್ಲ. ಮಾಲಿ ಹಾಕ್ಕೊಂಡಾವ ಕುಡದು ಸತ್ತ ಅಂತ ಊರ ಮಂದೆಲ್ಲಾ ಅಂದ್ರು. ಪೆಟಗ್ಯಾಗ ಹೆಣ ಬಂತು, ಕೊರಳಾಗ ಮಾಲಿ ಇರಲಿಲ್ಲ. ಅದನ್ನ ತಗದಿಟ್ಟು ಕುಡದಾನ ಅಂದ್ರು. ಅವತ್ತಿಂದ ನಮ್ಮತ್ತಿ ಮಗನ ಹೆಸರು ತಗಿಯಂಗಿಲ್ರಿ. ತಗದ್ರೂ ಬೈಯಾಕ."

ತುಳಸಿಮಾಲೆ ಹಾಕಿದವರು ಮಾಂಸ, ಹೆಂಡ ಮುಟ್ಟುವುದಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯ ಜೊತೆ ಹೋಗುತ್ತಾರೆ. ಆ ಮನೆಯವರು ತಲೆತಲಾಂತರದಿಂದ ಹೋಗುತ್ತಿದ್ದವರು. ಭೀಮರಾಯ ಸತ್ತ ಮೇಲೆ ಅತ್ತೆ-ಸೊಸೆ ದಿಂಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಯಾವ ಮುಖ ಹೊತ್ತು ಹೋಗುವುದು ಅಂತ.

ಥಾರ್ಲಿಯವರು ಕೂತಿದ್ದವರು ಎದ್ದು ನಿಂತರು. ಪತರೆ ತಲೆಗೆ ತಾಕುತ್ತಿತ್ತು. "ಭೀಮರಾಯ ಅವರು ಕುಡಿದಿರಲಿಲ್ಲ. ಬಿಸಿಲಿಗೆ ಬಿದ್ದರು. ನನ್ನ ಅಂಗಳದಲ್ಲಿ ಬಿದ್ದರು. ನಾನು ನೋಡಿದೆ. ನನ್ನನ್ನು ಕೇಳಿದರು. ನಾನು ಸುಮ್ಮನಿದ್ದೆ." ಒಂದೊಂದೇ ಮಾತು, ನಾನು ಕಲಿಸಿದ ಹಾಗೆಯೇ, ತಪ್ಪಿಲ್ಲದೆ.

ಸಾಬಮ್ಮ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಳು. ಮಳೆ ಸದ್ದಿನಲ್ಲಿ ಆಕೆಯ ಮಾತು ಕಷ್ಟದಿಂದ ಕೇಳಿಸುತ್ತಿತ್ತು.

"ಮಾಲಿ ಇತ್ತೇನ್ರಿ ಕೊರಳಾಗ?"

"ಇತ್ತು. ಆ ದಿನ ಬೆಳಗ್ಗೆ ನೋಡಿದೆ. ಬಿದ್ದಾಗಲೂ ನೋಡಿದೆ. ಆಸ್ಪತ್ರೆಯವರು ತೆಗೆದಿರಬೇಕು."

"ನೀರು ಕೇಳಿದ್ರೇನ್ರಿ?"

"ಕೇಳಲಿಲ್ಲ. ಮಾತಾಡಲಿಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ರಿ?" ಅಂದಳು.

ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಆಗಿನ ಪರಿಸ್ಥಿತಿ, ಮಾತುಕತೆ ನಾಜೂಕಿನ ಹಂತದಲ್ಲಿತ್ತು, ಹೀಗೇನೋ. ಅರ್ಧಕ್ಕೆ ತಾವೇ ನಿಲ್ಲಿಸಿದರು. ಸಾಬಮ್ಮನ ಕಡೆ ತಿರುಗಿ, "ನನಗೆ ನನ್ನ ಕೆಲಸ ದೊಡ್ಡದಾಗಿತ್ತು. ಅವರು ನನಗೆ ಸಣ್ಣವರಾಗಿದ್ದರು" ಅಂದರು. ಇದನ್ನು ನಾನು ಕಲಿಸಿರಲಿಲ್ಲ.

ಆಕೆ ಅಳಲಿಲ್ಲ. ಮೂಲೆಯಲ್ಲಿದ್ದ ಆ ಹೊಸ ಸೀರೆಯ ಗಂಟನ್ನು ಎತ್ತಿ ನಮ್ಮವರ ಕೈಗೆ ಕೊಟ್ಟಳು. "ನಿನ್ನಿ ನಾ ಇವರ ಕಾಲಿಗೆ ಬಿದ್ದೆ. ಎಲ್ಲಾರೂ ನೋಡಿದ್ರು. ಇದನ್ನ ನಾಕು ಗ್ವಾಡಿ ಒಳಗ ನನಗೊಬ್ಬಾಕಿಗೆ ಹೇಳಿದ್ರ ಏನ ಬಂತ್ರಿ? ನಾ ಹೇಳಿದ್ರ ನಮ್ಮತ್ತಿ ನಂಬಂಗಿಲ್ಲ. ಗಂಡನ ಮಾನ ಮುಚ್ಚಾಕ ಹೇಳ್ತಾಳ ಅಂತಾಳ. ಮಂದಿ ಮುಂದ ಹೇಳ್ರಿ."

ಹೇಳುತ್ತೇನೆ ಅಂದರು ಥಾರ್ಲಿಯವರು. ನಾವು ನೇರ ಅಧ್ಯಕ್ಷರ ಅಂಗಡಿಗೆ ಹೋದೆವು, ಅದೇ ಸಭಾಗೃಹದಲ್ಲಿ, ಅದೇ ಜನರನ್ನು ಕರೆದು ಹೇಳಿಸಬೇಕು ಅಂತ. ಅಧ್ಯಕ್ಷರು ಎಲ್ಲ ಕೇಳಿ, ಟೈಲ್ಸ್ ಮೇಲೆ ಕೈಯಾಡಿಸುತ್ತ ಕೂತರು. "ವೈನಿ, ಪೇಪರಿನ್ಯಾಗ ಫೋಟೋ ಬಂದದ. ನಿನ್ನೆ ಹಾರ ಹಾಕಿ ಇವತ್ತ ಹಿಂಗ ಅಂದ್ರ ಮರಾಠಿ ಮಂದಿ ನಗಂಗಿಲ್ಲೇನು? ಆದದ್ದು ಆತು. ಆ ಹೆಣ್ಮಗಳಿಗೆ ಸಂಘದಿಂದ ಏನರೆ ಸಹಾಯ ಮಾಡೋಣಂತ."

"ಅಕಿ ಸಹಾಯ ಕೇಳಿಲ್ರಿ" ಅಂದೆ.

"ಸಂಘದ ಮರ್ಯಾದಿ ಪ್ರಶ್ನೆ ಅದ ವೈನಿ."

ನಮ್ಮವರು ಸೀರೆಯ ಗಂಟನ್ನು ಅವರ ಮೇಜಿನ ಮೇಲಿಟ್ಟು, ಇವತ್ತಿನಿಂದ ನಾನು ಕಾರ್ಯದರ್ಶಿ ಅಲ್ಲ ಅಂತ ಹೇಳಿ ಹೊರಗೆ ಬಂದರು. ಅವರಿಬ್ಬರ ವಾಕಿಂಗ್ ಅವತ್ತಿಗೆ ನಿಂತಿತು. ಇನ್ನೂ ಶುರುವಾಗಿಲ್ಲ.

ಜಾಗವನ್ನು ಸಾಬಮ್ಮನೇ ಆರಿಸಿದಳು. ಪಂಢರಪುರಕ್ಕೆ ಹೋಗುವ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ, ಆಳಂದಿಯಿಂದ ಹೊರಟು ಪುಣೆಗೆ ಬರುವ ದಿನ, ಆಳಂದಿ ರಸ್ತೆಯ ಅಂಚಿನಲ್ಲಿ ಆಕೆಯ ಗಲ್ಲಿಯವರು ಮಂಟಪ ಹಾಕಿ ವಾರಕರಿ ಯಾತ್ರಿಗಳಿಗೆ ಚಹಾ, ಅವಲಕ್ಕಿ ಹಂಚುತ್ತಾರೆ. ಗಲ್ಲಿಯ ಕನ್ನಡದ ಮನೆಯವರೆಲ್ಲ ಅಲ್ಲಿರುತ್ತಾರೆ, ಮೈಕೂ ಇರುತ್ತದೆ. ಅಲ್ಲಿ ಹೇಳಲಿ ಅಂದಳು. ಥಾರ್ಲಿಯವರು ಹಿಂದಿನ ದಿನ ನನ್ನ ಮುಂದೆ ಒಂದು ಮಾತು ಹೇಳಿದರು. ಯಾರಾದರೂ ಫೋನಿನಲ್ಲಿ ಇದನ್ನು ಹಿಡಿದು ಹಾಕಿದರೆ ತಮ್ಮ ಹಳೆಯ ಕಚೇರಿಯವರು ಇನ್ನು ತಮ್ಮ ಮುಖ ನೋಡುವುದಿಲ್ಲ, ಆ ಒಪ್ಪಂದದ ಮೇಲೂ ಕೆಸರು ಹಾರುತ್ತದೆ, ಇಡೀ ಬದುಕಿನ ಕೆಲಸ ಅದು ಅಂದರು. ಬರುವುದಿಲ್ಲ ಅನ್ನುತ್ತಾರೇನೋ ಅಂತ ನಾನು ಕಾದೆ. ಎಷ್ಟು ಹೊತ್ತಿಗೆ ಬರಬೇಕು ಅಂತಷ್ಟೇ ಕೇಳಿದರು.

ಅವತ್ತು ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ರಸ್ತೆಯ ತುಂಬ ತಾಳದ ಸದ್ದು, ಕೇಸರಿ ಪತಾಕೆ, ತಲೆಯ ಮೇಲೆ ತುಳಸಿ ಕುಂಡ ಹೊತ್ತ ಹೆಂಗಸರು. ಒಂದು ದಿಂಡಿ ಹೋಗಿ ಇನ್ನೊಂದು ಬರುವ ನಡುವೆ ಸಾಬಮ್ಮ ಮಂಟಪದವರಿಗೆ, "ದಾದಾ, ದೋನ್ ಮಿನಿಟ್ ಮೈಕ್ ದ್ಯಾ" ಅಂತ ಮರಾಠಿಯಲ್ಲಿ ಎರಡು ನಿಮಿಷ ಮೈಕು ಕೇಳಿದಳು. ಗಲ್ಲಿಯವರು ಟಾರ್ಪಾಲಿನ ಕೆಳಗೆ ಗುಂಪಾದರು. ಅತ್ತೆ ದ್ಯಾವಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮುಪ್ಪಿನ ಮುದುಕಿ, ರಸ್ತೆಯ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಬಲವಂತಕ್ಕೆ ಬಂದವಳು ಅಂತ ಗೊತ್ತಾಗುತ್ತಿತ್ತು.

ಥಾರ್ಲಿಯವರು ಹೇಳಿದರು. ಈ ಸಲ ನಮಸ್ಕಾರ, ಸಂತೋಷ ಏನೂ ಇರಲಿಲ್ಲ. ತಮ್ಮ ಹೆಸರು ಹೇಳಿದರು, ತಾವು ಏನಾಗಿದ್ದರು ಅನ್ನುವುದನ್ನು ಹೇಳಿದರು, ಭೀಮರಾಯನ ಹೆಸರು ಹೇಳಿದರು. ಕುಡಿದಿರಲಿಲ್ಲ, ಮಾಲೆ ಕೊರಳಲ್ಲಿತ್ತು, ನಾನು ನೋಡಿದೆ, ಸುಳ್ಳನ್ನು ಸುಳ್ಳು ಅನ್ನಲಿಲ್ಲ, ಅಂದರು. ನಾಲ್ಕಾರು ಫೋನುಗಳು ಮೇಲೆದ್ದದ್ದನ್ನು ನೋಡಿದರು, ನೋಡಿಯೂ ಎರಡನೇ ಸಲ ಅದನ್ನೇ ಹೇಳಿದರು. ಗಲ್ಲಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಭೀಮರಾಯ ಕುಡಿದು ಸತ್ತ ಅಂತ ಇಷ್ಟು ವರ್ಷ ಆಡಿದವರು ಅವರೇ.

ದ್ಯಾವಮ್ಮ ಕುರ್ಚಿಯಿಂದ ಎದ್ದಳು. ಸೊಸೆ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. ಥಾರ್ಲಿಯವರ ಮುಂದೆ ಬಂದು ನಿಂತಳು, ಅವರ ಎದೆಯವರೆಗೂ ಬರುತ್ತಿರಲಿಲ್ಲ.

"ಹತ್ತು ವರ್ಷದ ಮ್ಯಾಲಾತು, ನನ್ನ ಮಗನ್ನ ಬೈಯಾಕತ್ತೀನಿ" ಅಂದಳು. "ಮುಂಜಾನೆ ಎದ್ದು ಬೈತಿದ್ದೆ, ರಾತ್ರಿ ಮಲಗೋ ಮುಂದ ಬೈತಿದ್ದೆ. ಸತ್ತಾವನ್ನ. ತಪ್ಪ ಮಾಡದಾವನ್ನ. ಈಗ ಯಾರ್ನ ಬೈಲಿ?"

ಥಾರ್ಲಿಯವರು ಕೈ ಮುಗಿದರು. "ನನ್ನನ್ನು ಬೈಯಿರಿ, ತಾಯಿ."

ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟೂ ಇರಲಿಲ್ಲ ಆ ನೋಟದಲ್ಲಿ.

"ನಿನ್ನ ಬೈಯಾಕ ನೀ ಏನ್ ನನ್ನ ಮಗನಾ?"

ಅಷ್ಟು ಅಂದು ತಿರುಗಿದಳು. ಆ ಹೊತ್ತಿಗೆ ಮುಂದಿನ ದಿಂಡಿ ಬಂದಿತ್ತು. ಸಾಬಮ್ಮ ಅತ್ತೆಯ ಹಿಂದೆ ಓಡಿದಳು, ಇಬ್ಬರೂ ಹೆಂಗಸರ ಸಾಲಿನೊಳಗೆ ಸೇರಿ ನಡೆದುಬಿಟ್ಟರು. "ಭೀಮರಾಯಾ, ಯಪ್ಪಾ" ಅಂತ ಮುದುಕಿ ಗಟ್ಟಿಯಾಗಿ ಕರೆದು ಅತ್ತದ್ದು ತಾಳದ ಸದ್ದಿನ ನಡುವೆ ಸ್ವಲ್ಪ ದೂರದವರೆಗೆ ಕೇಳಿಸಿತು.

ಗಲ್ಲಿಯವರೆಲ್ಲ ಚಹಾ ಹಂಚಲು ರಸ್ತೆಗೆ ಇಳಿದರು, ಮಂಟಪದ ಕೆಳಗೆ ನಾವು ಮೂವರೇ ಉಳಿದೆವು. ಥಾರ್ಲಿಯವರ ಕೈ ಇನ್ನೂ ಮುಗಿದೇ ಇತ್ತು. ಆ ತಾಯಿ ಏನಂದರು ಅಂತ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ಅರ್ಥವಾಗಿತ್ತು ಅಂತ ನನಗೆ ಗೊತ್ತು, ಅದರಲ್ಲಿ ಅವರು ಕಲಿಯದ ಶಬ್ದ ಒಂದೂ ಇರಲಿಲ್ಲ. ಆದರೂ ನಾನು ಹೇಳಿದೆ, ಒಂದಕ್ಷರವನ್ನೂ ಮೆತ್ತಗೆ ಮಾಡದೆ ಹೇಳಿದೆ. ಅವರು ತಲೆ ಎತ್ತಲಿಲ್ಲ. ನಮ್ಮವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.